ಕೇರಿಗೆ ಬರುವ ಕ್ಯಾಮೆರಾ ಯಾರ ಕೈಯಲ್ಲಿದೆ?

ನಮ್ಮ ಕೇರಿಗಳಿಗೆ ಕ್ಯಾಮೆರಾ ಬರುವುದು ಎರಡೇ ಸಂದರ್ಭಕ್ಕೆ. ಹೆಣ ಬಿದ್ದಾಗ ಒಂದು, ಮಂತ್ರಿ ಬಂದು ಮುದ್ದೆ ಉಂಡಾಗ ಇನ್ನೊಂದು. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನರನ್ನು ಮನೆಯೊಳಗೆ ಕೂಡಿ ಸುಟ್ಟ ಮೇಲೆ ಆ ಜನರ ಮುಖ ಎಲ್ಲರಿಗೂ ಬೇಕಾಯಿತು. ಅದಕ್ಕೆ ಹಿಂದಿನ ದಿನದ ತನಕ ಯಾರಿಗೂ ಬೇಕಿರಲಿಲ್ಲ.

ಈಗ ಮೂರನೆಯ ಸಂದರ್ಭವೊಂದು ಹುಟ್ಟಿಕೊಂಡಿದೆ. ಭಾನುವಾರ ಬೆಳಗಾಗುತ್ತಲೇ ಪಟ್ಟಣದ ಫೋಟೋ ಕ್ಲಬ್ಬಿನವರು ಹತ್ತು ಹನ್ನೆರಡು ಜನ ದೊಡ್ಡ ದೊಡ್ಡ ಲೆನ್ಸು ನೇತುಹಾಕಿಕೊಂಡು ಬರುತ್ತಾರೆ. ಬಾಗಿಲಲ್ಲಿ ಕೂತ ಅಜ್ಜಿ, ಬೀದಿ ಗುಡಿಸುವ ಅಕ್ಕ, ಚರ್ಮ ಹದ ಮಾಡುವ ಕೈ, ಸುಂಬಳ ಸುರಿಸುವ ಕೂಸು, ಎಲ್ಲ ಅವರಿಗೆ ‘ಸಬ್ಜೆಕ್ಟು’. ಕ್ಲಿಕ್ ಕ್ಲಿಕ್ ಅನ್ನಿಸಿ ಹೋಗುತ್ತಾರೆ. ಆಮೇಲೆ ಆ ಚಿತ್ರ ಸಲಾನಿಗೆ ಹೋಗುತ್ತದೆ. (ಸಲಾನ್ ಅಂದರೆ ಕ್ಷೌರದಂಗಡಿ ಅಲ್ಲ ಮಾರಾಯ್ರೇ, ಫೀಸು ಕಟ್ಟಿ ಚಿತ್ರ ಕಳಿಸುವ ಸ್ಪರ್ಧೆ-ಪ್ರದರ್ಶನ.) ಅಲ್ಲಿ ಆಯ್ಕೆಯಾದ ಚಿತ್ರಗಳ ಲೆಕ್ಕ ಕೂಡಿಸುತ್ತಾ ಹೋದರೆ ಹೆಸರಿನ ಮುಂದೆ ಹಾಕಿಕೊಳ್ಳಲು ಎ.ಎಫ್.ಐ.ಎ.ಪಿ., ಇ.ಎಫ್.ಐ.ಎ.ಪಿ. ಅಂತ ಪದವಿಗಳು ಸಿಗುತ್ತವೆ. ಚಿತ್ರ ತೆಗೆದವನ ಹೆಸರಿಗೆ ಬಾಲ ಬೆಳೆಯುತ್ತದೆ. ಚಿತ್ರದಲ್ಲಿರುವ ಅಜ್ಜಿಗೆ ಹೆಸರೇ ಇಲ್ಲ.

ಜಿಲ್ಲಾ ಕೇಂದ್ರವೊಂದರಲ್ಲಿ ಇಂಥ ಒಂದು ಪ್ರದರ್ಶನ ನೋಡಿದೆ. ಪೌರಕಾರ್ಮಿಕನೊಬ್ಬ ಮ್ಯಾನ್‌ಹೋಲಿನಿಂದ ಅರ್ಧ ಮೇಲೆ ಬಂದಿದ್ದಾನೆ, ಮೈಯೆಲ್ಲ ಕಪ್ಪು ನೀರು, ಹಿಂದೆ ಬೆಳಗಿನ ಬಿಸಿಲು. ಕೆಳಗೆ ಬರೆದ ಹೆಸರು ‘ಶ್ರಮ’. 1993ರಲ್ಲೇ ಕಾನೂನು ಬಂತು, 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ರಕ್ಷಣೆಯಿಲ್ಲದೆ ಗುಂಡಿಗೆ ಮನುಷ್ಯನನ್ನು ಇಳಿಸುವುದು ಜೈಲಿಗೆ ಕಳಿಸುವ ಅಪರಾಧ. ಅಂದರೆ ಆ ಚಿತ್ರ ಒಂದು ಅಪರಾಧದ ಸಾಕ್ಷಿ. ಯಾವ ಊರು, ಯಾವ ದಿನ, ಯಾವ ಗುತ್ತಿಗೆದಾರ ಎಂದು ಬರೆದಿದ್ದರೆ ಕೋರ್ಟಿಗೆ ಕೊಡಬಹುದಿತ್ತು. ‘ಶ್ರಮ’ ಎಂದು ಬರೆದದ್ದರಿಂದ ಅದು ಗೋಡೆಯ ಅಲಂಕಾರ ಆಯಿತು.

ಹಾಗಂತ ಕ್ಲಬ್ಬುಗಳೇ ಕೆಟ್ಟವು ಅನ್ನುವವನಲ್ಲ ನಾನು. ಕ್ಲಬ್ಬು ಯಾರದು, ಅಲ್ಲಿ ಕೂತವರು ಏನು ಮಾತಾಡುತ್ತಾರೆ ಅನ್ನುವುದು ಪ್ರಶ್ನೆ. ಇದನ್ನು ಹೇಳೋದಕ್ಕೆ ದೂರದ ಒಂದು ಕೂಟದ ವಿಷಯ ಹಾಸ್ಟೆಲ್ ಗೆಳೆಯರಿಗೆ ತಿಳಿಸಬೇಕು. ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ ಹೆಸರು ನೋಡಿ 1972ರಲ್ಲಿ ಮುಂಬಯಿಯ ನಮ್ಮವರು ದಲಿತ ಪ್ಯಾಂಥರ್ಸ್ ಕಟ್ಟಿದ್ದು ನಿಮಗೆಲ್ಲ ಗೊತ್ತು. ಆದರೆ ಅದೇ ಕರಿಯರು ಕ್ಯಾಮೆರಾ ಹಿಡಿದು ಕಟ್ಟಿದ ಸಂಘದ ಸುದ್ದಿ ನಮ್ಮ ಕಡೆ ಅಷ್ಟಾಗಿ ಬರಲೇ ಇಲ್ಲ.

1963ರಲ್ಲಿ ನ್ಯೂಯಾರ್ಕಿನಲ್ಲಿ ಹತ್ತು ಹದಿನೈದು ಮಂದಿ ಕಪ್ಪು ಹುಡುಗರು ಸೇರಿ ಒಂದು ಫೋಟೋ ಕೂಟ ಮಾಡಿಕೊಂಡರು. ಹೆಸರು ‘ಕಮೋಯಿಂಗೆ’. ಇದು ಕೀನ್ಯಾದ ಗಿಕುಯು ಭಾಷೆಯ ಮಾತು. ಜೋಮೋ ಕೆನ್ಯಾಟಾ ಬರೆದ ಪುಸ್ತಕದಿಂದ ಹೆಕ್ಕಿಕೊಂಡದ್ದು. ಒಟ್ಟಾಗಿ ಕೆಲಸ ಮಾಡುವ ಜನರ ಗುಂಪು ಎಂದು ಅರ್ಥ. ಕೀನ್ಯಾ ಬ್ರಿಟಿಷರಿಂದ ಬಿಡಿಸಿಕೊಂಡದ್ದೂ ಅದೇ 1963ರ ಡಿಸೆಂಬರಿನಲ್ಲಿ. ಲೂಯಿ ಡ್ರೇಪರ್, ಆಲ್ಬರ್ಟ್ ಫೆನ್ನರ್, ರೇ ಫ್ರಾನ್ಸಿಸ್, ಶಾನ್ ವಾಕರ್, ಹರ್ಬರ್ಟ್ ರಾಂಡಲ್ ಮೊದಲಾದವರು ಅದರಲ್ಲಿ ಇದ್ದರು. ಎಲ್ಲರಿಗಿಂತ ಹಿರಿಯ ರಾಯ್ ಡಿಕರಾವಾ ಮೊದಲ ನಿರ್ದೇಶಕ. ಹಾರ್ಲೆಮ್ ಕೇರಿಯಲ್ಲೇ 1919ರಲ್ಲಿ ಹುಟ್ಟಿದವನು. 1952ರಲ್ಲಿ ಗುಗ್ಗೆನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಕಪ್ಪು ಛಾಯಾಗ್ರಾಹಕ.

ಅವರ ಸಭೆಗಳೇ ನನಗೆ ಮುಖ್ಯ ಅನ್ನಿಸಿದ್ದು. 1964ರಲ್ಲಿ ಹಾರ್ಲೆಮ್‌ನಲ್ಲಿ ಒಂದು ಜಾಗ ಬಾಡಿಗೆಗೆ ಹಿಡಿದು ಪ್ರದರ್ಶನ ಇಟ್ಟರು. ಅದು ಬಹಳ ದಿನ ನಡೆಯಲಿಲ್ಲ. ಆಮೇಲೆ ಒಬ್ಬರ ಮನೆ ಆದ ಮೇಲೆ ಇನ್ನೊಬ್ಬರ ಮನೆ. ಊಟ, ಜಾಜ್ ಸಂಗೀತ, ಜಗಳ. ಪ್ರತಿಯೊಬ್ಬನೂ ತಾನು ತೆಗೆದ ಚಿತ್ರ ತಂದು ಎಲ್ಲರ ಮುಂದೆ ಇಡಬೇಕು. ಮುಖ ನೋಡಿ ಮಣೆ ಹಾಕುವ ಮಾತೇ ಇಲ್ಲ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ, ಯಾಕಿಲ್ಲ ಅಂತ ಕಾರಣ ಸಹಿತ ಹೇಳೋದು. ಹೊರಗಿನ ಗ್ಯಾಲರಿ, ಪತ್ರಿಕೆಗಳವರು ಬಾಗಿಲು ತೆಗೆಯದಿದ್ದ ಕಾಲ ಅದು. ತಮಗೆ ತಾವೇ ಮೇಷ್ಟ್ರು, ತಮಗೆ ತಾವೇ ವಿದ್ಯಾರ್ಥಿ ಆದರು.

ನಮ್ಮಲ್ಲಿ ಏನಾಗುತ್ತದೆ ನೋಡಿ. ಹಾಸ್ಟೆಲಿನ ಹುಡುಗನೊಬ್ಬ ಕವನ ಓದಿದರೆ, ಹಾಡು ಕಟ್ಟಿದರೆ, ‘ನಮ್ಮವನಲ್ವಾ’ ಅಂತ ಚಪ್ಪಾಳೆ ಹೊಡೆದು ಕಳಿಸುತ್ತೇವೆ. ಹೊರಗಿನವರು ಕನಿಕರದಿಂದ ಹೊಗಳುತ್ತಾರೆ. ಎರಡರಿಂದಲೂ ಅವನು ಬೆಳೆಯೋದಿಲ್ಲ. ನಮ್ಮವನು ಅನ್ನುವ ಕಾರಣಕ್ಕೇ ಗಟ್ಟಿಯಾಗಿ ಬೈಯುವ ಹಕ್ಕು ನಮಗಿದೆ. ಆ ಹಕ್ಕನ್ನು ಕಮೋಯಿಂಗೆಯ ಹುಡುಗರು ಚೆನ್ನಾಗಿ ಬಳಸಿಕೊಂಡರು.

ಇನ್ನು ಬಣ್ಣದ ವಿಷಯ. ಕಲರ್ ಫಿಲ್ಮಿನ ಲ್ಯಾಬುಗಳಲ್ಲಿ ಬಣ್ಣ ಸರಿಹೊಂದಿಸಲು ಕೊಡಾಕ್ ಕಂಪನಿ ಒಂದು ಮಾದರಿ ಚಿತ್ರ ಕೊಡುತ್ತಿತ್ತು. ಅದರಲ್ಲಿ ಇದ್ದವಳು ಬಿಳಿ ಹೆಂಗಸು. ಆ ಕಾರ್ಡಿಗೆ ‘ಶರ್ಲಿ’ ಅಂತಲೇ ಹೆಸರು ಬಿತ್ತು. ಅವಳ ಚರ್ಮ ಸರಿ ಬಂದರೆ ಎಲ್ಲ ಸರಿ. ಕಪ್ಪು ಮುಖಗಳು ಹಲ್ಲು-ಕಣ್ಣು ಮಾತ್ರ ಕಾಣುವ ಮಸಿಯಾದರೂ ಯಾರಿಗೂ ತೊಂದರೆಯಿಲ್ಲ. ಆ ಕಂಪನಿಯಲ್ಲಿದ್ದವರೇ ಆಮೇಲೆ ಹೇಳಿಕೊಂಡಂತೆ, ಮರದ ಸಾಮಾನು ಮಾಡುವವರು, ಚಾಕಲೇಟು ಮಾಡುವವರು ತಮ್ಮ ಸರಕಿನ ಕಂದು ಬಣ್ಣ ಸರಿ ಬರುತ್ತಿಲ್ಲ ಎಂದು ದೂರಿದಾಗ ಫಿಲ್ಮು ಸುಧಾರಿಸಿತು. ಮನುಷ್ಯರು ದೂರಿದ್ದಕ್ಕಲ್ಲ, ಚಾಕಲೇಟಿನ ದೆಸೆಯಿಂದ!

ನಮ್ಮ ಊರಿನ ಸ್ಟುಡಿಯೋದವನು ಇದಕ್ಕಿಂತ ಭಿನ್ನವೇನಲ್ಲ. ಸ್ಕಾಲರ್‌ಶಿಪ್ ಅರ್ಜಿಗೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಹೋದರೆ ಕೇಳದೆಯೇ ಪೌಡರು ಕೊಡುತ್ತಿದ್ದ ಕಾಲ ಇತ್ತು. ಈಗ ಕೇಳದೆಯೇ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುತ್ತಾನೆ. ‘ಚೆನ್ನಾಗಿ ಮಾಡಿದೀನಿ ನೋಡು’ ಅನ್ನುತ್ತಾನೆ. ನಮ್ಮ ಹುಡುಗಿಯರೂ ಹುಡುಗರೂ ಮೊಬೈಲಿನಲ್ಲಿ ತಮ್ಮ ಮುಖಕ್ಕೆ ತಾವೇ ಸುಣ್ಣ ಹೊಡೆದುಕೊಳ್ಳುತ್ತಿದ್ದಾರೆ.

ಡಿಕರಾವಾ ಇದಕ್ಕೆ ಉಲ್ಟಾ ಹೋದ. ಫ್ಲಾಷ್ ಹಾಕಿ ಕತ್ತಲೆ ಓಡಿಸಲಿಲ್ಲ. ಇದ್ದ ಬೆಳಕಿನಲ್ಲೇ ತೆಗೆದು, ಪ್ರಿಂಟು ಹಾಕುವಾಗ ಕಪ್ಪಿನೊಳಗೇ ಹತ್ತಾರು ಬಗೆಯ ಕಪ್ಪು ತೋರಿಸಿದ. 1949ರಲ್ಲಿ ತೆಗೆದ ಒಂದು ಚಿತ್ರವಿದೆ. ಪದವಿ ದಿನದ ಬಿಳಿ ಗೌನು ತೊಟ್ಟ ಹುಡುಗಿ ಹಾರ್ಲೆಮ್‌ನ ಪಾಳುಜಾಗದ ಪಕ್ಕ, ಕಸದ ನಡುವೆ ಒಬ್ಬಳೇ ನಡೆದು ಹೋಗುತ್ತಿದ್ದಾಳೆ. ಬಿಸಿಲಿನಿಂದ ನೆರಳಿಗೆ ಕಾಲಿಡುತ್ತಿದ್ದಾಳೆ. ಅಯ್ಯೋ ಪಾಪ ಅನ್ನಿಸುವ ಒಂದು ಗೆರೆಯೂ ಅದರಲ್ಲಿಲ್ಲ. ನಮ್ಮ ಮನೆಗಳಿಂದ ಮೊದಲು ಕಾಲೇಜಿಗೆ ಹೋದ ಹುಡುಗಿಯನ್ನು ನಾವು ಹೀಗೆ ತೆಗೆದಿದ್ದೇವಾ?

ಇದರಲ್ಲಿ ಕಲಿಯುವ ಕಸಬೂ ಇದೆ. ಕ್ಯಾಮೆರಾದ ಬೆಳಕಿನ ಮೀಟರು ಎದುರಿಗೆ ಬಿದ್ದದ್ದನ್ನೆಲ್ಲ ನಡುಮಟ್ಟದ ಬೂದುಬಣ್ಣ ಎಂದು ತಿಳಿದು ಲೆಕ್ಕ ಹಾಕುತ್ತದೆ. ಸುಣ್ಣದ ಗೋಡೆಯ ಮುಂದೆ ಅವ್ವನನ್ನು ಕೂರಿಸಿದರೆ ಅದು ಗೋಡೆ ನೋಡಿ ಬೆಳಕು ಇಳಿಸುತ್ತದೆ, ಅವ್ವ ಮಸಿಯಾಗುತ್ತಾಳೆ. ಮೊಬೈಲಾದರೆ ಪರದೆಯ ಮೇಲೆ ಅವಳ ಮುಖ ಮುಟ್ಟಿ, ಬೆಳಕು ಅಲ್ಲಿಗೆ ಹೊಂದುತ್ತದೆ. ಇನ್ನೂ ಒಳ್ಳೆಯದು, ಗೋಡೆ ಬಿಡಿಸಿ ಬಾಗಿಲ ಹತ್ತಿರ ನೆರಳಿನಲ್ಲಿ ಕೂರಿಸಿ. ಇಷ್ಟು ತಿಳಿಯಲು ಲಕ್ಷ ರೂಪಾಯಿಯ ಲೆನ್ಸು ಬೇಕಿಲ್ಲ.

ಕಮೋಯಿಂಗೆಯವರು ಎಲ್ಲರೂ ಚಳವಳಿಯ ಚಿತ್ರ ತೆಗೆದವರಲ್ಲ. ಹರ್ಬರ್ಟ್ ರಾಂಡಲ್ 1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿಯ ಹ್ಯಾಟೀಸ್‌ಬರ್ಗಿಗೆ ಹೋಗಿ ಮತದಾನದ ಹಕ್ಕಿನ ಹೋರಾಟವನ್ನು ತೆಗೆದ. ಆದರೆ ಫೆನ್ನರ್, ಏಡ್ಗರ್ ಕೌವನ್ಸ್ ಅಂಥವರು ನೀರು, ನೆರಳು, ಗೋಡೆ ತೆಗೆದರು. ಕರಿಯ ಅಂದ ಮಾತ್ರಕ್ಕೆ ಬಡತನವನ್ನೇ ತೋರಿಸಬೇಕಾ ಅನ್ನುವುದು ಅವರ ವಾದ. ಮಾತು ನ್ಯಾಯವೇ. ಮಲ್ಲಿಗೆ ಮೇಲೆ ಬರೆಯಲು ಅವರಿಗೆ ಹಕ್ಕು, ಹಸಿವಿನ ಮೇಲೆ ಬರೆಯಲು ಮಾತ್ರ ನಮಗೆ ಹಕ್ಕು ಎಂದು ಯಾರೂ ಹಂಚಿಕೊಟ್ಟಿಲ್ಲ. ಆದರೂ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಗುಂಡಿಯಲ್ಲಿ ಇನ್ನೂ ನಮ್ಮ ಅಣ್ಣತಮ್ಮಂದಿರು ಸಾಯುತ್ತಿರುವಾಗ ಮೊದಲ ಫಿಲ್ಮು ಎಲ್ಲಿಗೆ ಅನ್ನುವ ಪ್ರಶ್ನೆ ಉಳಿಯುತ್ತದೆ. ಗೆಳೆಯರು ಇದರ ಮೇಲೆ ಜಗಳವಾಡಲಿ.

ಇನ್ನೊಂದು ಕೊರತೆ. ಕೂಟ ಶುರುವಾಗಿ ಸುಮಾರು ಹತ್ತು ವರ್ಷ ಅದರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. 1970ರ ದಶಕದ ಮೊದಲಲ್ಲಿ ಮಿಂಗ್ ಸ್ಮಿತ್ ಬಂದಳು, ಮೊದಲ ಹೆಣ್ಣು. 1979ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವಳ ಚಿತ್ರ ಕೊಂಡಿತು. ಕಪ್ಪು ಹೆಂಗಸೊಬ್ಬಳು ತೆಗೆದ ಚಿತ್ರ ಅಲ್ಲಿಗೆ ಸೇರಿದ್ದು ಅದೇ ಮೊದಲು. ಹುಡುಗಿಯರ ಹಾಸ್ಟೆಲಿಗೆ ನಮ್ಮ ಕರಪತ್ರ ಮಾತ್ರ ಹೋಗುತ್ತದೆ, ನಾವು ಸಭೆಗೆ ಕರೆಯೋದಿಲ್ಲ. ಆದ್ದರಿಂದ ಅಮೆರಿಕದವರನ್ನು ನೋಡಿ ನಗುವ ಹಾಗಿಲ್ಲ.

1969ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಾರ್ಲೆಮ್ ಬಗ್ಗೆ ದೊಡ್ಡ ಪ್ರದರ್ಶನ ಮಾಡಿತು. ಹಾರ್ಲೆಮ್‌ನ ಕಪ್ಪು ಚಿತ್ರಕಾರರ, ಶಿಲ್ಪಿಗಳ ಒಂದು ಕೃತಿಯನ್ನೂ ಇಡಲಿಲ್ಲ. ಬರೀ ಫೋಟೋ, ಸದ್ದು, ಬರಹ. ಡಿಕರಾವಾ ತನ್ನ ಚಿತ್ರ ಕೊಡಲು ಒಪ್ಪದೆ ಮ್ಯೂಸಿಯಂ ಮುಂದೆ ಪ್ರತಿಭಟನೆಗೆ ನಿಂತ. ಪ್ರದರ್ಶನದಲ್ಲಿ ಜಾಗ ಸಿಕ್ಕರೆ ಸಾಕು ಅಂತ ಕಾಯುವವರು ಇದನ್ನು ನೆನಪಿಡಬೇಕು. ಅದೇ ಕೂಟದ ಹಲವರ ಚಿತ್ರಗಳು 1973ರಿಂದ ಬಂದ ‘ಬ್ಲ್ಯಾಕ್ ಫೋಟೋಗ್ರಾಫರ್ಸ್ ಆನ್ಯುಯಲ್’ ಎಂಬ ಸಂಪುಟಗಳಲ್ಲಿ ಅಚ್ಚಾದವು. ಮೊದಲ ಸಂಪುಟಕ್ಕೆ ಮುನ್ನುಡಿ ಬರೆದವಳು ಟೋನಿ ಮಾರಿಸನ್. ಅವಳಿಗೆ ನೊಬೆಲ್ ಬಂದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ.

ನಮ್ಮ ದೇಶದಲ್ಲಿ ಯಾರೂ ಇಲ್ಲ ಅಂದುಕೊಳ್ಳಬೇಡಿ. ಮುಂಬಯಿಯ ಪೌರಕಾರ್ಮಿಕರ ಜೊತೆ ವರ್ಷಗಟ್ಟಲೆ ತಿರುಗಿ ಚಿತ್ರ ತೆಗೆದ ಸುಧಾರಕ ಓಲ್ವೆ ಇದ್ದಾರೆ, 2016ರಲ್ಲಿ ಪದ್ಮಶ್ರೀ ಬಂತು. ಮದುರೆ ಕಡೆಯ ಪಳನಿ ಕುಮಾರ್ ಇದ್ದಾರೆ, ತಾಯಿ ಮೀನು ಮಾರಿ ಸಾಕಿದವರು. ಮಲ ಬಾಚುವವರ ಬಗ್ಗೆ 2017ರಲ್ಲಿ ಬಂದ ‘ಕಕ್ಕೂಸ್’ ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದರು. ತಾವು ಕಲಿತದ್ದನ್ನು ಕಾರ್ಮಿಕರ ಮಕ್ಕಳಿಗೆ ಕಲಿಸುತ್ತಲೂ ಇದ್ದಾರೆ. ಅವರ ಚಿತ್ರದಲ್ಲಿ ಇರುವವರಿಗೆ ಹೆಸರಿದೆ, ಊರಿದೆ, ಮಾತಿದೆ.

‘ಇದೆಲ್ಲ ಹೊಟ್ಟೆ ತುಂಬಿದವರ ಕೆಲಸ, ಭೂಮಿ ಪ್ರಶ್ನೆ ಬಿಟ್ಟು ಫೋಟೋ ಯಾಕೆ’ ಎಂದು ಹಿರಿಯರು ಕೇಳುತ್ತಾರೆ. ಭೂಮಿ ಪ್ರಶ್ನೆಗೂ ಚಿತ್ರ ಬೇಕು ಸ್ವಾಮಿ. ಒತ್ತುವರಿಯಾದ ಸ್ಮಶಾನದ ಬೇಲಿ ಎಲ್ಲಿತ್ತು, ಬೋರ್‌ವೆಲ್ ಯಾರ ಹೊಲದಲ್ಲಿ ಕೊರೆದರು, ಹೋಟೆಲಿನಲ್ಲಿ ಬೇರೆ ಲೋಟ ಎಲ್ಲಿ ಸಿಕ್ಕಿಸಿದ್ದಾರೆ ಅನ್ನುವುದಕ್ಕೆ ತಾರೀಖು ಸಮೇತ ಚಿತ್ರ ಇದ್ದರೆ ತಹಶೀಲ್ದಾರರ ಮುಂದೆ ಬಾಯಿಮಾತು ಅಂತ ತಳ್ಳಿಹಾಕೋದು ಕಷ್ಟ.

‘ಎಲ್ಲರ ಕೈಯಲ್ಲೂ ಮೊಬೈಲಿದೆ, ಕೂಟ ಯಾಕೆ’ ಎಂದು ಕಿರಿಯರು ಕೇಳುತ್ತಾರೆ. ಪೆನ್ನು ಎಲ್ಲರ ಜೇಬಿನಲ್ಲೂ ಇದೆಯಲ್ಲ! ತಿಂಗಳಿಗೊಂದು ಭಾನುವಾರ ಹಾಸ್ಟೆಲಿನ ಊಟದ ಹಾಲಿನಲ್ಲಿ ಕೂರಿ. ಒಬ್ಬೊಬ್ಬರು ಮೂರೇ ಚಿತ್ರ ತನ್ನಿ. ಅದರಲ್ಲಿ ಒಂದಾದರೂ ನಿಮ್ಮ ಮನೆಯವರದ್ದಿರಲಿ, ಅವರನ್ನು ಕೇಳಿ ತೆಗೆದದ್ದಿರಲಿ. ಏಪ್ರಿಲ್ 14ಕ್ಕೆ ಪ್ರದರ್ಶನ ಇಡಿ, ಪಟ್ಟಣದ ಟೌನ್‌ಹಾಲಿನಲ್ಲಿ ಅಲ್ಲ, ಕೇರಿಯ ಅಂಬೇಡ್ಕರ್ ಭವನದಲ್ಲಿ. ಚಿತ್ರದಲ್ಲಿರುವ ಅಜ್ಜಿಯೇ ಬಂದು ನೋಡಿ, ‘ಇದು ನಾನಲ್ಲ ಬಿಡೋ’ ಅಂದರೆ ಅದನ್ನು ಗೋಡೆಯಿಂದ ಇಳಿಸಿ.

ಲೂಯಿ ಡ್ರೇಪರ್ 2002ರಲ್ಲಿ ತೀರಿಕೊಂಡ. ಅವನ ಚಿತ್ರಗಳನ್ನೂ, ಕೂಟದ ಕಾಗದಪತ್ರಗಳನ್ನೂ ಒಡಹುಟ್ಟಿದವಳು ಜೋಪಾನ ಮಾಡಿದಳು. 2015ರಲ್ಲಿ ವರ್ಜೀನಿಯಾದ ಮ್ಯೂಸಿಯಂ ಅದನ್ನು ಕೊಂಡಿತು, 2020ರಲ್ಲಿ ಪ್ರದರ್ಶನವಾಯಿತು. ಒಂದು ಮನೆಯವರು ಪೆಟ್ಟಿಗೆ ಎಸೆಯಲಿಲ್ಲ ಅನ್ನುವ ಕಾರಣಕ್ಕೆ ನಾನಿಷ್ಟು ಬರೆಯಲು ಸಾಧ್ಯವಾಯಿತು. ನಿಮ್ಮ ಮೊಬೈಲು ಕಳೆದರೆ ಕೇರಿಯೇ ಕಳೆದಂತೆ. ಹತ್ತಾದರೂ ಪ್ರಿಂಟು ಹಾಕಿಸಿ. ಹಿಂದುಗಡೆ ಹೆಸರು, ಊರು, ತಾರೀಖು ಬರೆಯಿರಿ. ಬಾಲ್ ಪೆನ್ನು ಒತ್ತಿದರೆ ಮುಂದುಗಡೆ ಗೆರೆ ಮೂಡುತ್ತದೆ, ಸೀಸದ ಕಡ್ಡಿಯಲ್ಲಿ ಮೆಲ್ಲಗೆ ಬರೆದು ಟ್ರಂಕಿನ ತಳದಲ್ಲಿ ಇಡಿ.