ಬಾನೆಟ್ಟಿನೊಳಗೆ ಬ್ರಹ್ಮವಿದ್ಯೆ ಇಲ್ಲ

"ಮೇಡಂ, ಅದೆಲ್ಲ ನಿಮಗೆ ಅರ್ಥವಾಗೋಲ್ಲ, ಸಾರ್‌ನ ಕಳಿಸಿ." ಗ್ಯಾರೇಜಿನ ಬಾಗಿಲಲ್ಲಿ ಈ ಮಾತು ಕೇಳದ ಹೆಂಗಸಿದ್ದರೆ ಅವಳು ಪುಣ್ಯವಂತೆ. ಮನೆಯ ಸಾಲ, ಮಕ್ಕಳ ಫೀಸು, ಗ್ಯಾಸಿನ ಲೆಕ್ಕ ಎಲ್ಲವೂ ನಮಗೆ ಅರ್ಥವಾಗುತ್ತದೆ. ಕಾರಿನ ಬಾನೆಟ್ ಎತ್ತಿದ ಕೂಡಲೇ ಮಾತ್ರ ನಮ್ಮ ಬುದ್ಧಿ ಎಲ್ಲಿಗೋ ಹೋಗಿಬಿಡುತ್ತದೆಂದು ಊರೇ ನಂಬಿದೆ. ದುಃಖದ ಸಂಗತಿಯೆಂದರೆ, ನಾವೂ ನಂಬಿದ್ದೇವೆ.

ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಕನ್ನಡ ಮತ್ತು ಸಮಾಜ. ಆದರೂ ಹೇಳುತ್ತೇನೆ, ಡೀಸೆಲ್ ಎಂಜಿನ್ನು ಬ್ರಹ್ಮವಿದ್ಯೆಯಲ್ಲ. 1890ರ ದಶಕದಲ್ಲಿ ರುಡಾಲ್ಫ್ ಡೀಸೆಲ್ ಹಿಡಿದ ದಾರಿ ಸರಳವಾದದ್ದು. ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪು ಬಿಸಿಯಾಗುತ್ತದಲ್ಲ, ಹಾಗೆಯೇ ಗಾಳಿಯನ್ನು ಸುಮಾರು ಇಪ್ಪತ್ತನೇ ಒಂದು ಪಾಲಿಗೆ ಅದುಮಿದರೆ ಅದು ಕೆಂಡದಂತೆ ಕಾಯುತ್ತದೆ. ಅದರ ಮೇಲೆ ಡೀಸೆಲ್ ಸಿಂಪಡಿಸಿದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಗಾಡಿ ಸ್ಟಾರ್ಟ್ ಆಗಲು ಮುಖ್ಯವಾಗಿ ಬೇಕಾದದ್ದು ಮೂರು: ಜೋರಾಗಿ ತಿರುಗುವ ಎಂಜಿನ್ನು, ಸಾಕಷ್ಟು ಶಾಖ, ಗಾಳಿ ಸೇರದ ಡೀಸೆಲ್.

ನಮ್ಮ ಮನೆಯಲ್ಲೂ ಒಂದು ಹಳೆಯ ಡೀಸೆಲ್ ಕಾರಿದೆ. ಚಳಿಗಾಲದ ಬೆಳಗ್ಗೆ ಗರಗರ ತಿರುಗುತ್ತಿತ್ತು, ಬಿಳಿ ಹೊಗೆ ಬರುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಮಧ್ಯಾಹ್ನ ಒಂದೇ ಸಲಕ್ಕೆ ಸ್ಟಾರ್ಟ್. ಗ್ಯಾರೇಜಿನಾತ "ಪಂಪು ಹೋಗಿದೆ, ಇಂಜೆಕ್ಟರೂ ಬದಲಿಸಬೇಕು" ಎಂದು ಹತ್ತಾರು ಸಾವಿರದ ಪಟ್ಟಿ ಕೊಟ್ಟ. "ಪಂಪು ಹೋಗಿದ್ದರೆ ಮಧ್ಯಾಹ್ನ ಹೇಗೆ ಹೊತ್ತಿಕೊಳ್ಳುತ್ತದಪ್ಪ?" ಎಂದು ಕೇಳಿದೆ. ಉತ್ತರವಾಗಿ ಬಂದದ್ದು ಒಂದು ನಗು. ಬೇರೆ ಕಡೆ ಮೀಟರ್ ಹಿಡಿಸಿ ನೋಡಿದಾಗ ನಾಲ್ಕು ಹೀಟರ್ ಪ್ಲಗ್ಗುಗಳಲ್ಲಿ ಎರಡು ಸತ್ತಿದ್ದವು. ನಾಲ್ಕನ್ನೂ ಬದಲಿಸಿದ ಖರ್ಚು ಒಂದು ಸಾಧಾರಣ ರೇಷ್ಮೆ ಸೀರೆಯ ಬೆಲೆಯನ್ನೂ ಮುಟ್ಟಲಿಲ್ಲ.

ಆದ್ದರಿಂದಲೇ ನನ್ನ ತಕರಾರು: ಅಗ್ಗದ ಕಾರಣ ಮೊದಲು ನೋಡಲಿ, ದುಬಾರಿಯದು ಕೊನೆಗೆ. ಎಂಜಿನ್ನು ನಿಧಾನವಾಗಿ ತಿರುಗಿದರೆ ಮೊದಲು ಬ್ಯಾಟರಿ. ನಿಂತ ಗಾಡಿಯಲ್ಲಿ 12.6 ವೋಲ್ಟಿನಷ್ಟಿರಬೇಕು, ಸ್ಟಾರ್ಟ್ ಮಾಡುವಾಗ ಒಂಬತ್ತೂವರೆಗಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನೂ ಅದರ ಟರ್ಮಿನಲ್ಲುಗಳನ್ನೂ ಅನುಮಾನಿಸಿ. ಟರ್ಮಿನಲ್ಲಿನ ಬಿಳಿ ಪುಡಿ ಅಡುಗೆ ಸೋಡಾ ನೀರಿಗೆ ಹೋಗುತ್ತದೆ. ಹಳೆಯ ಗಾಡಿ ರಾತ್ರಿ ನಿಂತ ಮೇಲೆ ಮುಷ್ಕರ ಹೂಡಿ, ಫಿಲ್ಟರಿನ ಕೈಪಂಪು ಒತ್ತಿದರೆ ಸರಿಹೋಗುತ್ತದೋ? ಪೈಪಿನಲ್ಲೋ ವಾಷರಿನಲ್ಲೋ ಗಾಳಿ ಸೇರುತ್ತಿದೆ. ಕಾಮನ್ ರೈಲ್ ಗಾಡಿಯ ಪೈಪು ಬಿಚ್ಚಲು ಮಾತ್ರ ಹೋಗಬೇಡಿ, ಆ ಒತ್ತಡ ಅಪಾಯದ್ದು.

ಮೈಲೇಜಿನ ವಿಷಯದಲ್ಲೂ ಇದೇ ಕಥೆ. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ತೆಗೆದರು. ಡೀಸೆಲ್ ಅಗ್ಗ, ಸುರಿದರೂ ನಡೆಯುತ್ತದೆ ಎನ್ನುವ ಕಾಲ ಹೋಯಿತು. ಒಂದೇ ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಕಿಲೋಮೀಟರ್ ಬರೆದಿಡಿ. ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ತುಂಬಿಸಿ ಭಾಗಿಸಿ. ಇದು ಐದನೇ ತರಗತಿಯ ಗಣಿತ. ಕಪ್ಪು ಹೊಗೆಯಿದ್ದರೆ ಮೊದಲು ಏರ್ ಫಿಲ್ಟರ್ ನೋಡಿಸಿ. ಟೈರಿನ ಗಾಳಿ ಕಡಿಮೆಯೋ, ಬ್ರೇಕು ಹಿಡಿದು ಒಂದು ಚಕ್ರ ಮಾತ್ರ ಕಾಯುತ್ತಿದೆಯೋ, ಶಾಖದ ಮುಳ್ಳು ಮೇಲೇಳುತ್ತಲೇ ಇಲ್ಲವೋ ಗಮನಿಸಿ. ಮುಳ್ಳು ಏಳದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು. ತಣ್ಣಗಿನ ಎಂಜಿನ್ನು ಹೆಚ್ಚು ಡೀಸೆಲ್ ಕುಡಿಯುತ್ತದೆ.

"ಇಷ್ಟು ಕೆಲಸದ ನಡುವೆ ಇದೂ ನಮ್ಮ ತಲೆಗೇನೇ?" ಎಂದು ಗೆಳತಿಯೊಬ್ಬಳು ಸಿಡುಕಿದಳು. ನ್ಯಾಯವಾದ ಮಾತೇ. ಆದರೆ ನಾನು ಸ್ಪ್ಯಾನರ್ ಹಿಡಿಯಿರಿ ಎನ್ನುತ್ತಿಲ್ಲ, ಪ್ರಶ್ನೆ ಕೇಳಿ ಎನ್ನುತ್ತಿದ್ದೇನೆ. ಅಕ್ಕಸಾಲಿಗನ ಬಳಿ ವೇಸ್ಟೇಜ್ ಎಷ್ಟು ಎಂದು ಬಾಯಿಬಿಟ್ಟು ಕೇಳುವ ನಾವು ಗ್ಯಾರೇಜಿನಲ್ಲೇಕೆ ಮೂಕರಾಗಬೇಕು? ಒಳ್ಳೆಯ ಮೆಕ್ಯಾನಿಕ್ಕುಗಳೂ ಬೇಕಾದಷ್ಟಿದ್ದಾರೆ. ತಣ್ಣಗಿದ್ದಾಗಲೋ ಬಿಸಿಯಿದ್ದಾಗಲೋ, ಹೊಗೆಯ ಬಣ್ಣವೇನು ಎಂದು ಸರಿಯಾಗಿ ಹೇಳುವ ಗಿರಾಕಿಯನ್ನು ಕಂಡರೆ ಅಂಥವರಿಗೆ ಸಂತೋಷವೇ. ಕಸಿವಿಸಿಯಾಗುವುದು ಉಳಿದವರಿಗೆ.

ರಿಪೇರಿಗೆ ಒಪ್ಪುವ ಮೊದಲು ಏನೇನು ಪರೀಕ್ಷಿಸಿದಿರಿ ಎಂದು ಕೇಳಿ. ಬದಲಿಸಿದ ಹಳೆಯ ಸಾಮಾನನ್ನು ಕೈಗೆ ಕೊಡಿ ಎನ್ನಿ. ಕೊಡಲು ಹಿಂಜರಿಯುವವರ ಬಳಿ ಮತ್ತೆ ಗಾಡಿ ಬಿಡಬೇಡಿ.