ಗಿಬ್ಸನ್ನೋ, ಗಿವ್ಸನ್ನೋ? ಅಟ್ಟದ ಮೇಲಿನ ಗಿಟಾರಿಗೆ ಗುರುತು ಕೊಡೋರು ಯಾರು

2024ರ ಫೆಬ್ರವರಿಯಲ್ಲಿ ಒಂದು ಸುದ್ದಿ ಜಗತ್ತೆಲ್ಲಾ ಸುತ್ತಾಡಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡಿದ್ದ ಹಾಫ್ನರ್ ಬೇಸ್ ಗಿಟಾರ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನೊಂದರಿಂದ ಕಳುವಾಗಿತ್ತು. ಅರ್ಧ ಶತಮಾನದ ನಂತರ ಅದು ಇಂಗ್ಲೆಂಡಿನ ಸಾಧಾರಣ ಮನೆಯೊಂದರ ಅಟ್ಟದಲ್ಲಿ ಸಿಕ್ಕಿತು. ಹುಡುಕುತ್ತಿದ್ದವರು ಸಾರ್ವಜನಿಕವಾಗಿ ಮನವಿ ಮಾಡಿದ ಮೇಲಷ್ಟೇ ಆ ಮನೆಯವರಿಗೆ ತಮ್ಮಲ್ಲಿರುವುದು ಏನು ಅಂತ ಗೊತ್ತಾಗಿದ್ದು. ವಸ್ತು ಅಲ್ಲೇ ಇತ್ತು, ಗುರುತು ಹಿಡಿಯೋರು ಇರಲಿಲ್ಲ, ಅಷ್ಟೆ.

ಈ ಸುದ್ದಿಗೂ ಉಡುಪಿ ಜಿಲ್ಲೆಗೂ ಏನು ಸಂಬಂಧ ಅಂತೀರಾ? ನಮ್ಮ ಕರಾವಳಿಯ ಮನೆಗಳಿಗೂ ಅಟ್ಟಗಳಿವೆ. ಕಾಪು, ಶಿರ್ವ, ಬೆಳ್ಮಣ್, ಕಾರ್ಕಳದ ಕಡೆಯಿಂದ ಮುಂಬೈಗೆ, ಅಲ್ಲಿಂದ ಗಲ್ಫ್‌ಗೆ ಹೋದವರು ವಾಪಸ್ ಬರುವಾಗ ಟೇಪ್ ರೆಕಾರ್ಡರ್ ತಂದ ಹಾಗೆ ಗಿಟಾರುಗಳನ್ನೂ ತಂದಿದ್ದಾರೆ. ಚರ್ಚುಗಳ ಗಾಯನ ತಂಡ, ಕೊಂಕಣಿ ಸಂಗೀತ ಸಂಜೆ, ಮಣಿಪಾಲದ ಹಾಸ್ಟೆಲ್ ಬ್ಯಾಂಡು, ಹೀಗೆ ಈ ವಾದ್ಯಕ್ಕೆ ಇಲ್ಲಿ ಎರಡು ಮೂರು ತಲೆಮಾರಿನ ಬದುಕಿದೆ. ನುಡಿಸುತ್ತಿದ್ದ ಹಿರಿಯರು ತೀರಿಕೊಂಡಾಗ, ಮನೆ ಕೆಡವಿ ಫ್ಲ್ಯಾಟ್ ಕಟ್ಟುವಾಗ ಇವು ಹೊರಗೆ ಬರುತ್ತವೆ. ಆಗ ಬೆಲೆ ಹೇಳೋದು ಮನೆಯವರಲ್ಲ, ಕೊಳ್ಳಲು ಬಂದವರು. ಗುರುತು ಗೊತ್ತಿದ್ದವನ ಮಾತೇ ಬೆಲೆ. ಸಮಸ್ಯೆ ಇರೋದು ಇಲ್ಲಿ.

ಗುರುತಿಸೋದು ಕಷ್ಟ ಯಾಕೆ? ಮೊದಲನೆಯದಾಗಿ ಹೆಸರೇ ಮೋಸ ಮಾಡುತ್ತೆ. 1991ರ ಆರ್ಥಿಕ ಉದಾರೀಕರಣದವರೆಗೆ ವಿದೇಶಿ ವಾದ್ಯ ಆಮದು ಮಾಡೋದು ಸುಲಭ ಇರಲಿಲ್ಲ. ದೇಶದ ಬೇಡಿಕೆಯ ದೊಡ್ಡ ಪಾಲನ್ನು ಕೋಲ್ಕತ್ತಾದ ತಯಾರಕರು ಪೂರೈಸಿದರು. ಅಲ್ಲಿನ ಗಿವ್ಸನ್‌ಗೂ ಅಮೆರಿಕದ ಗಿಬ್ಸನ್‌ಗೂ ಒಂದೇ ಅಕ್ಷರದ ವ್ಯತ್ಯಾಸ. ಹಳೇ ಗಿವ್ಸನ್ ಅನ್ನು ಗಿಬ್ಸನ್ ಅಂತ ನಂಬಿ ಲಕ್ಷ ಕೊಟ್ಟರೆ ನಷ್ಟ. ಹಾಗಂತ ಗಿವ್ಸನ್ ಕಸವೂ ಅಲ್ಲ, ಆಮದು ಇಲ್ಲದ ಕಾಲದಲ್ಲಿ ಈ ದೇಶ ಗಿಟಾರ್ ಕಲಿತಿದ್ದೇ ಇಂಥವುಗಳ ಮೇಲೆ.

ಗಲ್ಫ್‌ನಿಂದ ಬಂದದ್ದಾದರೆ ಜಪಾನಿನ ಗಿಟಾರ್ ಆಗಿರುವ ಸಾಧ್ಯತೆ ಹೆಚ್ಚು. 1970ರ ದಶಕದ ಐಬನೆಜ್ ಕಂಪನಿಯವರ ಗಿಟಾರುಗಳು ಗಿಬ್ಸನ್ ವಿನ್ಯಾಸವನ್ನು ಎಷ್ಟು ಹೋಲುತ್ತಿದ್ದವೆಂದರೆ, 1977ರಲ್ಲಿ ಗಿಬ್ಸನ್‌ನ ಮಾಲೀಕ ಸಂಸ್ಥೆ ಅಮೆರಿಕದ ಕೋರ್ಟ್ ಮೆಟ್ಟಿಲು ಹತ್ತಿತು. ಅಂದು ‘ನಕಲಿ’ ಅನ್ನಿಸಿಕೊಂಡವು ಇಂದು ಸಂಗ್ರಾಹಕರು ಹುಡುಕುವ ಮಾದರಿಗಳು. ಆ ಕಾಲದ ಐಬನೆಜ್ ಸಂಖ್ಯೆಯ ಮೊದಲ ಅಕ್ಷರ ತಿಂಗಳು, ಮುಂದಿನ ಎರಡು ಅಂಕಿ ವರ್ಷ. ‘ಎಚ್78’ ಅಂತ ಶುರುವಾದರೆ 1978ರ ಆಗಸ್ಟ್.

ಎರಡನೆಯದು, ಸಂಖ್ಯೆಯೊಂದನ್ನೇ ನಂಬೋ ಹಾಗಿಲ್ಲ. ಹಳೆಯ ಫೆಂಡರ್ ಗಿಟಾರಿನ ಸಂಖ್ಯೆ ಸಾಮಾನ್ಯವಾಗಿ ಹಿಂಬದಿಯ ಲೋಹದ ತಗಡಿನ ಮೇಲಿರುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿದರೆ ತಗಡು ಬದಲಾಯ್ತು. ಅದಕ್ಕೇ ತಿಳಿದವರು ಒಳಗೆ ನೋಡುತ್ತಾರೆ. ದನಿ ಹೆಚ್ಚು ಕಡಿಮೆ ಮಾಡುವ ಗುಂಡಿಯ ಕೆಳಗಿನ ಬಿಡಿಭಾಗದಲ್ಲಿ ತಯಾರಕರ ಸಂಕೇತವೂ ವರ್ಷ, ವಾರವೂ ಒತ್ತಿರುತ್ತದೆ. ‘1376615’ ಅಂದರೆ ಸಿಟಿಎಸ್ ಕಂಪನಿ, 1966ನೇ ಇಸವಿ, 15ನೇ ವಾರ. ಗಿಟಾರ್ ಅದಕ್ಕಿಂತ ಹಳೆಯದು ಅಂತ ಯಾರಾದರೂ ಹೇಳಿದರೆ, ಒಂದೋ ಆ ಭಾಗ ಬದಲಾಗಿದೆ, ಇಲ್ಲಾ ಮಾತು ಸುಳ್ಳು.

ಮೂರನೆಯದು ಮರ. ಇಲ್ಲಿ ಕಥೆ ನಮ್ಮ ಘಟ್ಟದ ತನಕ ಬರುತ್ತದೆ. ಬೆರಳಾಡಿಸುವ ಹಲಗೆಗೆ ಫೆಂಡರ್ ಮೊದಲು ಬಳಸುತ್ತಿದ್ದದ್ದು ಬ್ರೆಜಿಲ್ ರೋಸ್‌ವುಡ್. 1960ರ ದಶಕದ ನಡುವೆ ಅದರ ಜಾಗಕ್ಕೆ ಭಾರತದ ರೋಸ್‌ವುಡ್ ಬಂತು. ಅಂದರೆ ನಮ್ಮ ಬೀಟೆ ಮರ. ದಕ್ಷಿಣ ಭಾರತದ ಕಾಡಿನ ಬೀಟೆ ಹಲಗೆ ಇದೆಯೋ ಇಲ್ಲವೋ ಅನ್ನೋದು ಗಿಟಾರಿನ ಕಾಲ ಹೇಳುವ ಸಾಕ್ಷಿಗಳಲ್ಲೊಂದು. ಕಾನೂನೂ ಇದರ ಮೇಲೆ ನಿಂತಿದೆ. ಬ್ರೆಜಿಲ್ ರೋಸ್‌ವುಡ್ 1992ರಿಂದ ಸೈಟಿಸ್ ಒಪ್ಪಂದದ ಅತಿ ಕಠಿಣ ಪಟ್ಟಿಯಲ್ಲಿದೆ. ಮಾರಾಟಕ್ಕೆ ಗಡಿ ದಾಟಿಸಬೇಕಾದರೆ ಕಾಗದಪತ್ರ ಬೇಕು. ಬೀಟೆ 2017ರಲ್ಲಿ ಎರಡನೇ ಪಟ್ಟಿಗೆ ಸೇರಿತು. 2019ರ ನವೆಂಬರ್‌ನಿಂದ ಅದರ ಸಿದ್ಧ ವಾದ್ಯಗಳಿಗೆ ವಿನಾಯಿತಿ ಇದೆ. ದುಬೈಗೆ ಹೊರಟ ಮಗ ಅಜ್ಜನ ಗಿಟಾರ್ ಹೊತ್ತೊಯ್ದು ಅಲ್ಲಿ ಮಾರಬಹುದೋ ಇಲ್ಲವೋ ಅನ್ನೋದು ಹಲಗೆ ಯಾವ ಮರದ್ದು ಎಂಬುದರ ಮೇಲೆ ನಿಂತಿದೆ.

ಈ ಗೊಂದಲಕ್ಕೆ ದೊಡ್ಡ ಉದಾಹರಣೆಯೂ ಇದೆ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆ ಮೇಲೆ ದಾಳಿ ಮಾಡಿ ಭಾರತದಿಂದ ಹೋಗಿದ್ದ ರೋಸ್‌ವುಡ್ ಮತ್ತು ಎಬೊನಿ ಹಲಗೆಗಳನ್ನು ವಶಪಡಿಸಿಕೊಂಡರು. ಅವು ಕೊಯ್ದ ಮರವೋ, ವಾದ್ಯದ ಭಾಗವೋ ಎಂಬುದೇ ಪ್ರಶ್ನೆ. ಮರುವರ್ಷ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿ ಒಪ್ಪಂದ ಮಾಡಿಕೊಂಡಿತು. ಆದರೆ ಅದು ಒಪ್ಪಿಕೊಂಡದ್ದು ಮಡಗಾಸ್ಕರ್ ಎಬೊನಿಯ ವಿಷಯ. ಭಾರತದ ಹಲಗೆಗಳ ಬಗ್ಗೆ, ಭಾರತ ಸರ್ಕಾರ ನಿರ್ದಿಷ್ಟ ಸ್ಪಷ್ಟನೆ ಕೊಡುವ ತನಕ ಕ್ರಮ ಇಲ್ಲ ಅಂತ ಅಮೆರಿಕವೇ ಬರೆದುಕೊಟ್ಟಿತು. ನಮ್ಮ ಮರದ ಗುರುತಿಗೆ ನಮ್ಮದೇ ಮಾತು ಇರಲಿಲ್ಲ.

ಹಾಗಾದರೆ ನಮ್ಮ ಕಾನೂನು ಹಳೇ ಗಿಟಾರನ್ನು ಕಾಪಾಡುತ್ತಾ? ಇಲ್ಲ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಇಂಥ ವಸ್ತು ಪುರಾವಸ್ತು ಆಗಬೇಕಾದರೆ ನೂರು ವರ್ಷ ಆಗಿರಬೇಕು. ಮಾರುಕಟ್ಟೆಗೆ ಬಂದ ಮೊದಲ ಎಲೆಕ್ಟ್ರಿಕ್ ಗಿಟಾರುಗಳಲ್ಲೊಂದಾದ ರಿಕನ್‌ಬ್ಯಾಕರ್‌ನ ‘ಫ್ರೈಯಿಂಗ್ ಪ್ಯಾನ್’ 1932ರದ್ದು. ಅದಕ್ಕೇ ಇನ್ನೂ ನೂರು ತುಂಬಿಲ್ಲ. ಸರ್ಕಾರಕ್ಕೆ ಇದು ಹಳೇ ಸಾಮಾನು, ಗುಜರಿಯವನಿಗೂ ಅಷ್ಟೆ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಕಾಯುವಷ್ಟು ಸಮಯವೂ ಇಲ್ಲ. ತೇವಕ್ಕೆ ಅಂಟು ಬಿಡುತ್ತದೆ, ತಂತಿ, ಸ್ಕ್ರೂ ತುಕ್ಕು ಹಿಡಿಯುತ್ತವೆ. ಅದಕ್ಕಿಂತ ದೊಡ್ಡ ಅಪಾಯ ನಮ್ಮ ಒಳ್ಳೇ ಮನಸ್ಸು: ‘ಹೊಸದರ ಹಾಗೆ ಮಾಡೋಣ’ ಅಂತ ಬಣ್ಣ ಹೊಡೆಸೋದು. ಮೂಲ ಬಣ್ಣ ಹೋದರೆ ಬೆಲೆ ಸುಮಾರು ಅರ್ಧಕ್ಕಿಳಿಯುತ್ತದೆ ಅನ್ನೋದು ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ.

ಏನು ಮಾಡಬಹುದು? ಕೆನಡಾದ ಗಾಯಕ ರ‍್ಯಾಂಡಿ ಬಾಕ್‌ಮನ್ ಅವರ 1957ರ ಗ್ರೆಚ್ ಗಿಟಾರ್ 1976ರಲ್ಲಿ ಕಳುವಾಗಿತ್ತು. ಅಭಿಮಾನಿಯೊಬ್ಬರು ಹಳೆಯ ಚಿತ್ರಗಳಲ್ಲಿದ್ದ ಮರದ ಗುರುತನ್ನು ಅಂತರ್ಜಾಲದ ಚಿತ್ರಗಳ ಜೊತೆ ಹೋಲಿಸಿ ಅದನ್ನು ಜಪಾನಿನಲ್ಲಿ ಪತ್ತೆ ಹಚ್ಚಿದರು. 2022ರ ಜುಲೈ 1ರಂದು ಟೋಕಿಯೊದಲ್ಲಿ ಅದು ಮಾಲೀಕರ ಕೈ ಸೇರಿತು. ಮರದ ಗೆರೆ ಬೆರಳಚ್ಚಿನ ಹಾಗೆ, ಒಂದರ ಹಾಗೆ ಇನ್ನೊಂದಿರಲ್ಲ. ಕೆಲಸ ಮಾಡಿದ್ದು ಹಳೇ ಫೋಟೊ.

ಹಾಗಾಗಿ ಮಾರುವ ಮೊದಲು, ಒರೆಸುವ ಮೊದಲು ಫೋಟೊ ತೆಗೆಯಿರಿ. ತಲೆಯ ಮುಂದು, ಹಿಂದು, ಕುತ್ತಿಗೆ ಸೇರುವ ಜಾಗ, ಮರದ ಗೆರೆ, ಒಳಗಿನ ಸಂಖ್ಯೆಗಳು, ಎಲ್ಲವೂ ಇರಲಿ. ಯಾರು, ಎಲ್ಲಿ, ಯಾವಾಗ ಕೊಂಡರು ಅಂತ ಮನೆಯ ಹಿರಿಯರಿಂದ ಕೇಳಿ ಬರೆದಿಡಿ. ಕೊಳ್ಳಲು ಬಂದವರ ಬಾಯಿಂದಲೇ ಬೆಲೆ ಕೇಳಬೇಡಿ. ಕೊಳ್ಳುವ ಆಸೆ ಇಲ್ಲದ ಇನ್ನಿಬ್ಬರಿಗೆ ತೋರಿಸಿ.

ಉಳಿದದ್ದು ಸಂಸ್ಥೆಗಳ ಕೆಲಸ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಜನಪದ ರಂಗಕಲೆಗಳ ದಾಖಲೀಕರಣಕ್ಕೆಂದೇ ಕೇಂದ್ರ ಇದೆ. ಮಣಿಪಾಲದ ಹಸ್ತಶಿಲ್ಪ ಹಳ್ಳಿಯಲ್ಲಿ ವಿಜಯನಾಥ ಶೆಣೈ ಹಳೇ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದರು. ಹಳೆಯದನ್ನು ಗುರುತಿಸಿ ಉಳಿಸೋದು ಈ ಊರಿಗೆ ಹೊಸದಲ್ಲ. ಗಿಟಾರ್ ‘ನಮ್ಮದಲ್ಲ’ ಎಂಬ ಭಾವನೆಯೇ ಅಡ್ಡಿಯಾಗಿದ್ದರೆ, ಆ ಹಲಗೆಯ ಬೀಟೆ ಮರವನ್ನೊಮ್ಮೆ ನೆನಪಿಸಿಕೊಳ್ಳಬೇಕು. ಕಾಲೇಜೊಂದು, ಚರ್ಚೊಂದು ಸೇರಿ ವರ್ಷಕ್ಕೊಂದು ಭಾನುವಾರ ಹಳೇ ವಾದ್ಯಗಳನ್ನು ತರಿಸಿ ನೋಡಿ ಪಟ್ಟಿ ಮಾಡಿದರೂ ಸಾಕು. ಮೇಜು, ಕ್ಯಾಮೆರಾ, ಒಂದು ನೋಟ್‌ಬುಕ್ಕು ಇದ್ದರೆ ಮುಂದಿನ ಮಳೆಗಾಲಕ್ಕೆ ಮುಂಚೆಯೇ ಶುರು ಮಾಡಬಹುದು.