ನೀಲಾಂಬರಿ ಮತ್ತು ನನ್ನ ನಾಲ್ಕು ತಿಂಗಳು

ಹೋದ ವಾರ ಮತ್ತೆ ಆ ಮೆಸೇಜು ಬಂತು. ನಿಮಗೂ ಬಂದಿರುತ್ತೆ ಬಿಡಿ. ಎಡಗಡೆ ರೋಗದ ಹೆಸರು, ಬಲಗಡೆ ರಾಗದ ಹೆಸರು. ನಿದ್ದೆಗೆ ನೀಲಾಂಬರಿ, ಬಿಪಿಗೆ ಇಂಥದ್ದು, ಖಿನ್ನತೆಗೆ ಇಂಥದ್ದು... ಕೊನೆಯಲ್ಲಿ 'ಹತ್ತು ಜನಕ್ಕೆ ಕಳಿಸಿ'. ಮೊದಲಾಗಿದ್ದರೆ ನಾನೂ ಕಳಿಸುತ್ತಿದ್ದೆ. ಈ ಸಲ ಅಳಿಸಿ ಹಾಕಿದೆ. ಯಾಕೆ ಅಂತ ಬರೆಯಬೇಕು ಅಂದುಕೊಂಡು ತುಂಬಾ ದಿನ ಆಯ್ತು, ಧೈರ್ಯ ಸಾಲುತ್ತಿರಲಿಲ್ಲ.

ಅಮ್ಮ ಹೋದ ಮೇಲೆ ಅಪ್ಪ ಸುಮ್ಮನಾಗಿಬಿಟ್ಟರು. ಸಾಗರದ ಕಡೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದವರು ಅವರು. ಎದುರಿಗಿದ್ದವರು ಒಂದು ಶಬ್ದ ತಪ್ಪು ಹೇಳಿದರೂ ತಿದ್ದದೆ ಬಿಡುತ್ತಿರಲಿಲ್ಲ. ಅಂಥವರು ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂರತೊಡಗಿದರು. ಅನ್ನ ಕಲಸುತ್ತಲೇ ಇರುವುದು, ಬಾಯಿಗೆ ಹೋಗುವುದು ಎರಡೇ ತುತ್ತು. ಒಬ್ಬರನ್ನೇ ಬಿಡೋದು ಬೇಡ ಅಂತ ಬೆಂಗಳೂರಿಗೆ ಕರೆದುಕೊಂಡು ಬಂದೆ.

"ಒಂದ್ಸಲ ಮಾನಸಿಕ ವೈದ್ಯರಿಗೆ ತೋರಿಸೋಣ್ವಾ?" ಅಂದಳು ಹೆಂಡತಿ. ನನಗೆ ಸಿಟ್ಟು ಬಂತು. ನಮ್ಮಪ್ಪನಿಗೇನು ಹುಚ್ಚಾ? ಊರಲ್ಲಿ ಗೊತ್ತಾದರೆ ಏನಂದಾರು? ನನ್ನ ಹತ್ತಿರ ಆ ಪಟ್ಟಿ ಇತ್ತಲ್ಲ! ಪೆನ್‌ಡ್ರೈವಿಗೆ ರಾಗಗಳನ್ನು ತುಂಬಿಸಿದೆ. ಬೆಳಿಗ್ಗೆ ಒಂದು, ಸಂಜೆ ಒಂದು, ರಾತ್ರಿ ನೀಲಾಂಬರಿ. ನೆಂಟರು ಕೇಳಿದರೆ "ಸಂಗೀತ ಚಿಕಿತ್ಸೆ ಕೊಡಿಸ್ತಾ ಇದೀವಿ" ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ಅವರೂ ಭೇಷ್ ಅನ್ನುತ್ತಿದ್ದರು.

ಮೂರನೇ ರಾತ್ರಿ ಅಪ್ಪ ಎದ್ದು ಬಂದರು. "ಅದನ್ನ ಆಫ್ ಮಾಡು ಮಾರಾಯ" ಅಂದರು. ಯಾಕಪ್ಪಾ ಅಂದೆ. "ಅದು ನಿಮ್ಮಮ್ಮ ನಿನ್ನ ಮಲಗಿಸಬೇಕಾದ್ರೆ ಹೇಳ್ತಿದ್ದ ಹಾಡು" ಅಂದು ಬಾಲ್ಕನಿಗೆ ಹೋಗಿ ನಿಂತರು. ಬೆಳಗಿನವರೆಗೂ ಒಳಗೆ ಬರಲಿಲ್ಲ.

ನಾನೇನು ಮಾಡಿದೆ ಗೊತ್ತಾ? ರಾಗ ಬದಲಾಯಿಸಿದೆ. ಹೀಗೆ ನಾಲ್ಕು ತಿಂಗಳು. "ನಾನಿದ್ದು ಇನ್ನೇನು ಉಪಯೋಗ" ಅಂತ ಅವರು ಒಂದು ದಿನ ಅಂದ ಮೇಲೆ ಹೆಂಡತಿ ನನ್ನನ್ನು ಕೇಳಲೇ ಇಲ್ಲ, ಆಟೋ ಕರೆದಳು. ಪರೀಕ್ಷೆ ಮಾಡಿದ ಡಾಕ್ಟರು ಇದು ತೀವ್ರ ಖಿನ್ನತೆ ಅಂದರು, ಮಾತ್ರೆ ಬರೆದುಕೊಟ್ಟರು. "ಇಷ್ಟು ದಿನ ಏನು ಮಾಡ್ತಿದ್ರಿ?" ಅಂತ ಕೇಳಿದರು. ರಾಗ ಹಾಕ್ತಿದ್ದೆ ಅನ್ನೋಕೆ ಬಾಯಿ ಬರಲಿಲ್ಲ.

ಇಷ್ಟು ಓದಿ, ಇವನು ಸಂಗೀತ ಚಿಕಿತ್ಸೆಯ ವಿರೋಧಿ ಅಂದುಕೊಳ್ಳಬೇಡಿ. ತಮಾಷೆ ಅಂದರೆ, ಎರಡು ತಿಂಗಳ ನಂತರ ಅದೇ ಡಾಕ್ಟರೇ ಸಂಗೀತ ಚಿಕಿತ್ಸಕಿಯೊಬ್ಬರ ಹತ್ತಿರ ಕಳಿಸಿದರು. ಮಾತ್ರೆಯಿಂದ ನಿದ್ದೆ, ಊಟ ಒಂದು ಹದಕ್ಕೆ ಬಂದಿತ್ತು, ಮಾತು ಮಾತ್ರ ಬಂದಿರಲಿಲ್ಲ. ಆಕೆ ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ: "ನಿಮಗೆ ಯಾವ ಹಾಡು ಬೇಡ ಸಾರ್?" ನನಗೆ ಕಪಾಳಕ್ಕೆ ಹೊಡೆದ ಹಾಗಾಯ್ತು. ನಾಲ್ಕು ತಿಂಗಳಲ್ಲಿ ನಾನು ಅದನ್ನು ಕೇಳಿರಲಿಲ್ಲ. ಯಾವುದು ಬೇಕು ಅಂತಲೂ ಕೇಳಿರಲಿಲ್ಲ. ಅಪ್ಪ ಕಚೇರಿ ಕೇಳುವವರೇ ಅಲ್ಲ! ಅವರದ್ದೇನಿದ್ದರೂ ಯಕ್ಷಗಾನ, ರಾತ್ರಿಯಿಡೀ ಮೇಳದ ಆಟ.

ಆಕೆ ಒಂದು ಸಣ್ಣ ಡೋಲಕ್ ಕೊಟ್ಟರು. ಅಪ್ಪ ಒಂದೇ ಬೆರಳಲ್ಲಿ ಟಕ್... ಟಕ್... ಆಕೆಯೂ ಅಷ್ಟೇ ನಿಧಾನಕ್ಕೆ, ಅಷ್ಟೇ ಮೆಲ್ಲಗೆ ಜೊತೆಗೆ ಬಾರಿಸಿದರು. ಉಲ್ಲಾಸದ ಹಾಡು ಹಾಕಿ ಖುಷಿಪಡಿಸುವ ಪ್ರಯತ್ನವೇ ಇಲ್ಲ. ಆಮೇಲೆ ತಿಳೀತು, ಇದಕ್ಕೆ ಐಸೋ ತತ್ವ ಅಂತಾರಂತೆ. 1940ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ ಕೊಟ್ಟ ಹೆಸರು. ರೋಗಿಯ ಮನಸ್ಸು ಈಗ ಎಲ್ಲಿದೆಯೋ ಸಂಗೀತ ಅಲ್ಲಿಂದಲೇ ಶುರುವಾಗಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ಬದಲಾಗಬೇಕು.

ಐದನೇ ಸಲವೋ ಆರನೇ ಸಲವೋ ಇರಬೇಕು, ಆಕೆ ಏನೋ ಬಾರಿಸುತ್ತಿದ್ದಾಗ ಅಪ್ಪ ಕೈ ಎತ್ತಿ ತಡೆದರು. "ಝಂಪೆ ಹಾಗಲ್ಲಮ್ಮ" ಅಂದರು. ಅಮ್ಮ ಹೋದ ಮೇಲೆ ಅವರು ಇನ್ನೊಬ್ಬರನ್ನು ತಿದ್ದಿದ್ದು ಅದೇ ಮೊದಲು. ನಾನು ಹೊರಗೆ ಬಂದು ಅತ್ತುಬಿಟ್ಟೆ.

ಒಂದು ಮನೆಯ ಕಥೆಯಿಂದ ಏನೂ ಸಾಬೀತಾಗಲ್ಲ, ಗೊತ್ತು. ಅದಕ್ಕೇ ಸ್ವಲ್ಪ ಓದಿದೆ. ಫಿನ್‌ಲೆಂಡಿನಲ್ಲಿ ಖಿನ್ನತೆ ಇದ್ದ 79 ಜನರ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಇತ್ತು. ಅವರಲ್ಲಿ 33 ಜನರಿಗೆ ಅದರ ಜೊತೆಗೆ 20 ಸಲ ಸಂಗೀತ ಚಿಕಿತ್ಸೆ. ಅವರನ್ನು ಕೂರಿಸಿ ಹಾಡು ಕೇಳಿಸಲಿಲ್ಲ, ಚಿಕಿತ್ಸಕರ ಜೊತೆ ಅವರೇ ವಾದ್ಯ ನುಡಿಸಿದರು, ಅದರ ಬಗ್ಗೆ ಮಾತಾಡಿದರು. ಮೂರು ತಿಂಗಳಿಗೆ ಈ 33 ಜನ ಉಳಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ಆರು ತಿಂಗಳ ಹೊತ್ತಿಗೆ ಮಾತ್ರ ಆ ಅಂತರ ಖಚಿತವಾಗಿ ಹೇಳುವಷ್ಟು ಉಳಿದಿರಲಿಲ್ಲ. 2017ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂಥ ಒಂಬತ್ತು ಅಧ್ಯಯನಗಳನ್ನು, ಒಟ್ಟು 421 ಜನರ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಾಮೂಲಿ ಚಿಕಿತ್ಸೆಯೊಂದೇ ಇದ್ದದ್ದಕ್ಕಿಂತ ಅದರ ಜೊತೆಗೆ ಸಂಗೀತ ಚಿಕಿತ್ಸೆಯೂ ಇದ್ದಾಗ ಖಿನ್ನತೆಯ ಲಕ್ಷಣಗಳು ಕಮ್ಮಿಯಾದವು, ಕನಿಷ್ಠ ಅಲ್ಪಾವಧಿಯಲ್ಲಿ.

'ಜೊತೆಗೆ' ಅನ್ನುವ ಆ ಶಬ್ದ ನೋಡಿ. ನಮ್ಮ ಮೆಸೇಜುಗಳಲ್ಲಿ ಬಿಟ್ಟುಹೋಗೋದು ಅದೇ.

ನಮ್ಮ ಪರಂಪರೆಯಲ್ಲಿ ಇಲ್ಲವೇ ಅಂತ ಕೇಳಬಹುದು. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯ ತಂಬಿಯಪ್ಪನ ಹೊಟ್ಟೆನೋವಿಗಾಗಿ ಗುರುಗ್ರಹದ ಕೃತಿ ರಚಿಸಿದರು ಅನ್ನುವ ಕಥೆ ನನಗೂ ಇಷ್ಟವೇ. ಆದರೆ ಆ ಕಥೆಯಲ್ಲೂ ಗುರು ಶಿಷ್ಯನನ್ನು ನೋಡಿ, ಅವನಿಗೋಸ್ಕರ ಮಾಡಿದ್ದು ಅದು. ಪಟ್ಟಿ ನೋಡಿ ಹಂಚಿದ್ದಲ್ಲ.

ನನಗೆ ಅನ್ನಿಸೋದು ಇಷ್ಟು. ಈ ಪಟ್ಟಿಗಳು ಓಡಾಡೋದು ಸಂಗೀತದ ಮೇಲಿನ ಪ್ರೀತಿಯಿಂದಲ್ಲ, ನಾಚಿಕೆಯಿಂದ. ಮನೋವೈದ್ಯರ ಹತ್ತಿರ ಹೋದೆವು ಅನ್ನೋಕೆ ಮರ್ಯಾದೆ ಅಡ್ಡ ಬರುತ್ತೆ, ಸಂಗೀತ ಚಿಕಿತ್ಸೆ ಅಂದರೆ ಮರ್ಯಾದೆಯ ಮಾತು. ನಾನು ಮಾಡಿದ್ದೂ ಅದೇ, ಅಪ್ಪನ ಕಾಯಿಲೆಯನ್ನು ಸಂಗೀತದ ಹಿಂದೆ ಬಚ್ಚಿಟ್ಟೆ. ಸಂಗೀತಕ್ಕೆ ಮನಸ್ಸನ್ನು ಮುಟ್ಟುವ ಶಕ್ತಿ ಇದೆ ಅಂತ ನಂಬುವುದಾದರೆ ನೋಯಿಸುವ ಶಕ್ತಿಯೂ ಇದೆ ಅಂತ ಒಪ್ಪಬೇಕಲ್ಲವಾ? ಅದಕ್ಕೇ ತರಬೇತಿ ಇದ್ದವರೇ ಬೇಕು. ಬ್ರಿಟನ್ನಿನಲ್ಲಿ ನೋಂದಣಿ ಇಲ್ಲದೆ ಸಂಗೀತ ಚಿಕಿತ್ಸಕ ಅಂತ ಹೇಳಿಕೊಳ್ಳುವ ಹಾಗೇ ಇಲ್ಲ. ನೀವೂ ಕೇಳಿ: ಎಲ್ಲಿ ಕಲಿತಿರಿ, ನಮ್ಮ ಡಾಕ್ಟರ ಜೊತೆ ಮಾತಾಡ್ತೀರಾ? "ಮಾತ್ರೆ ನಿಲ್ಲಿಸಿ, ರಾಗ ಸಾಕು" ಅಂದರೆ ಅಲ್ಲಿಂದ ಎದ್ದು ಬನ್ನಿ.

ಮನೆಯಲ್ಲಿ ಯಾರಾದರೂ ನಮ್ಮಪ್ಪನ ಹಾಗೆ ಸುಮ್ಮನಾಗಿದ್ದರೆ ನಾಲ್ಕು ತಿಂಗಳು ಕಾಯಬೇಡಿ. ಡಾಕ್ಟರ ಹತ್ತಿರ ಹೋಗೋಕೆ ಹಿಂಜರಿಕೆ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, 2022ರಿಂದ ಇದೆ, ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಪೂರ್ತಿ ಗುಣವಾದರು ಅಂತ ಬರೆಯಲಾರೆ. ಮಾತ್ರೆ ನಡೀತಿದೆ. ಕೆಲವು ದಿನ ಮತ್ತೆ ಮೌನ. ಡೋಲಕ್ ಒಂದು ಮನೆಗೂ ಬಂದಿದೆ, ಪಕ್ಕದ ಮನೆ ಹುಡುಗನಿಗೆ ತಾಳ ಹೇಳಿಕೊಡ್ತಾರೆ, ಬೈತಾರೆ ಕೂಡಾ :-) ನೀಲಾಂಬರಿಯನ್ನು ಮಾತ್ರ ನಾವಿನ್ನೂ ಮನೆಯಲ್ಲಿ ಹಾಕಿಲ್ಲ. ಅವರಾಗಿಯೇ ಕೇಳಿದ ದಿನ ಹಾಕೋಣ ಅಂತಿದ್ದೇನೆ.

ನಿಮ್ಮ ಮನೆಗಳಲ್ಲಿ ಹೇಗೆ? ಈ ವಿಷಯ ಮಾತಾಡ್ತೀರಾ, ಇಲ್ಲಾ ನನ್ನ ಹಾಗೆ ರಾಗ ಹಾಕಿ ಬಾಗಿಲು ಮುಚ್ಚಿಕೊಳ್ತೀರಾ?